ಅಕ್ಕೋರು ತಂದ ಅಣುಸ್ಥಾವರದ ರೀಲು

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನಮ್ಮದೊಂದು ಸಣ್ಣ ವಿಡಿಯೊ ಅಂಗಡಿ. ಮಾವನವರು ಫೋಟೋ ಸ್ಟುಡಿಯೊ ಅಂತ ಶುರು ಮಾಡಿದ್ದು. ಅವರ ನಂತರ ನನ್ನ ಕೈಗೆ ಬಂತು. ಗಂಡನಿಗೆ ಕಾಲೇಜಿನ ಆಫೀಸಿನಲ್ಲಿ ನೌಕರಿ, ಕ್ಯಾಮೆರಾ ಅಂದರೆ ಅಷ್ಟಕ್ಕಷ್ಟೆ. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ನನ್ನ ಬಹುಪಾಲು ಕೆಲಸ ಹಳೆಯ ಮದುವೆ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಡುವುದು. ಸತ್ತುಹೋದ ಅಜ್ಜ ಅಕ್ಷತೆ ಹಾಕುವುದನ್ನು ನೋಡಿ ಮೊಮ್ಮಕ್ಕಳು ಅಂಗಡಿಯಲ್ಲೇ ಕಣ್ಣೊರೆಸಿಕೊಳ್ಳುತ್ತಾರೆ. ಅದಕ್ಕಿಂತ ದೊಡ್ಡ ಕೆಲಸ ನನ್ನ ಬಾಗಿಲಿಗೆ ಬರುತ್ತದೆ ಅಂತ ನಾನು ಎಣಿಸಿರಲಿಲ್ಲ.

ಒಂದು ಬೆಳಿಗ್ಗೆ ಬಿಳಿ ಕೂದಲಿನ, ನೆಟ್ಟಗೆ ನಿಲ್ಲುವ ಹೆಂಗಸೊಬ್ಬರು ಟವೆಲ್ಲಿನಲ್ಲಿ ಸುತ್ತಿದ ಅಗಲವಾದ ತಗಡಿನ ಡಬ್ಬಿಯನ್ನು ಎದೆಗವಚಿಕೊಂಡು ಬಂದರು. ಹುನಗುಂದದಿಂದ ಮೊದಲ ಬಸ್ಸಿಗೆ ಹೊರಟವರು.

"ಕ್ಯಾಸೆಟ್ ಅಷ್ಟ ಮಾಡ್ತೀರೊ, ರೀಲೂ ಮಾಡ್ತೀರೊ?" ಎಂದರು.

"ಎಂಥಾ ರೀಲ್ ರಿ?"

ಮುಚ್ಚಳ ತೆಗೆದರು. ಮೂಗಿಗೆ ರಪ್ಪನೆ ಹುಳಿ ಬಡಿಯಿತು. ಒಳಗಿನಿಂದ ನನ್ನ ಅತ್ತೆ, "ಏನs ಅದು, ಉಪ್ಪಿನಕಾಯಿ ಕೆಟ್ಟೈತೇನು?" ಎಂದು ಕೂಗಿದರು. ಹಳೆಯ ಫಿಲ್ಮು ಸಾಯುವಾಗ ಹೀಗೆ ಹುಳಿ ವಾಸನೆ ಬರುತ್ತದೆ ಅಂತ ಓದಿದ್ದೆ, ಮೂಸಿದ್ದು ಅವತ್ತೇ. ಅಂಚು ಅಲೆಅಲೆಯಾಗಿ ಸೊಟ್ಟಗಾಗಿತ್ತು.

"ಇದು ಹೋಗಾಕ ಹತ್ತೈತಿ ರಿ," ಎಂದೆ.

"ಗೊತ್ತೈತಿ. ಅದಕ್ಕs ತಂದೇನಿ. ಪೂರ್ತಿ ಹೋಗೂದ್ರಾಗ ಏನರ ಮಾಡ್ರಿ."

ಅವರು ನಿವೃತ್ತ ವಿಜ್ಞಾನ ಶಿಕ್ಷಕಿ. ಕೆರೂರ, ಬಾದಾಮಿ, ಆಮೇಲೆ ಹುನಗುಂದ, ಮೂರೂ ಕಡೆ ಹೈಸ್ಕೂಲಿನಲ್ಲಿ ಕಲಿಸಿದವರು. ನಮ್ಮ ಕಡೆಯ ರೂಢಿಯಂತೆ ನಾನೂ ಅವರನ್ನು ಅಕ್ಕೋರು ಎಂದೇ ಕರೆಯತೊಡಗಿದೆ. ಡಬ್ಬಿಯಲ್ಲಿದ್ದದ್ದು ನಮ್ಮ ದೇಶದ ಮೊದಮೊದಲ ಅಣುಸ್ಥಾವರಗಳ ಬಗ್ಗೆ ಸರ್ಕಾರ ಶಾಲೆಗಳಿಗಾಗಿ ಮಾಡಿಸಿದ್ದ ಚಿತ್ರ. ಶಾಲೆ ಹಳೆಯ ಸಾಮಾನನ್ನೆಲ್ಲ ಗುಜರಿಗೆ ಹಾಕುವ ದಿನ ಹೆಡ್‌ಮಾಸ್ತರರನ್ನು ಕೇಳಿ ಇದೊಂದನ್ನು ಮನೆಗೆ ತಂದಿಟ್ಟುಕೊಂಡಿದ್ದರು.

ಆ ಚಿತ್ರದ ಜೊತೆ ಅವರು ತಿರುಗಿದ್ದನ್ನು ಚಹಾ ಕುಡಿಯುತ್ತ ಹೇಳಿದರು. ಪ್ರೊಜೆಕ್ಟರ್ ನಡೆಸುವ ತರಬೇತಿಗೆ ಹೋದ ಒಬ್ಬಳೇ ಹೆಂಗಸು ಇವರಂತೆ. ರೀಲು ಹಾಕುವಾಗ ಬೆರಳು ನಡುಗಿದರೆ ಹಿಂದೆ ಕೂತ ಮಾಸ್ತರರು ನಗುತ್ತಿದ್ದರು. ತರಬೇತಿ ಮುಗಿಯುವ ಹೊತ್ತಿಗೆ ರೀಲು ಸಿಕ್ಕಿಕೊಂಡರೆ ಅದೇ ಮಾಸ್ತರರು, "ಅಕ್ಕೋರ, ಒಂದೀಟು ಬರ್ರಿ" ಎಂದು ಕರೆಯುತ್ತಿದ್ದರು. ಆಮೇಲೆ ತಾಲ್ಲೂಕಿನ ಬೇರೆ ಶಾಲೆಗಳಿಂದಲೂ ಕರೆ ಬರತೊಡಗಿತು. ಪ್ರೊಜೆಕ್ಟರನ್ನು ಬಸ್ಸಿನ ಮೇಲೆ ಹಾಕಲು ಬಿಡುತ್ತಿರಲಿಲ್ಲ, ತೊಡೆಯ ಮೇಲೆ ಇಟ್ಟುಕೊಂಡೇ ಪಯಣ. ಪಟ್ಟದಕಲ್ಲಿನ ಶಾಲೆಯಲ್ಲಿ ಕತ್ತಲೆ ಮಾಡಲು ಊರವರ ಮನೆಗಳಿಂದ ಜಮಖಾನ ತಂದು ಕಿಟಕಿಗಳಿಗೆ ಕಟ್ಟಿದ್ದರಂತೆ.

"ಚಿತ್ರದಾಗ ಮಾತೆಲ್ಲಾ ಇಂಗ್ಲೀಷ್. ಹುಡುಗೂರಿಗೆ ಏನ್ ತಿಳೀಬೇಕು? ಆವಾಜ್ ಬಂದ್ ಮಾಡಿ, ಪರದೆ ಬಾಜೂಕ ನಿಂತು ನಾನs ಹೇಳ್ತಿದ್ದೆ."

ಹಾಗೆ ಹೇಳಲು ಅವರು ಎಷ್ಟು ಓದಿಕೊಂಡಿದ್ದರೋ. ಬಾಗಲಕೋಟೆಯ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರೊಬ್ಬರನ್ನು ರವಿವಾರ ರವಿವಾರ ಹುಡುಕಿಕೊಂಡು ಬಂದು, ತಿಳಿಯದ್ದನ್ನೆಲ್ಲ ಕೇಳಿ ಹೋಗುತ್ತಿದ್ದರಂತೆ. ಆಮೇಲೆ ಅವರು ಹೇಳಿದ ಇನ್ನೊಂದು ಮಾತು ಕೇಳಿ ನನಗೆ ಆ ರೀಲನ್ನು ಬಿಡಲಾಗಲಿಲ್ಲ.

"ಖರೆ ಹೇಳ್ಬೇಕಂದ್ರ ತಂಗಿ, ನಾ ಈ ಚಿತ್ರ ಪೂರ್ತಿ ನೋಡೇ ಇಲ್ಲ. ನನ್ನ ಮಾರಿ ಯಾವಾಗ್ಲೂ ಹುಡುಗೂರ ಕಡೆ. ಒಂದs ಒಂದ್ ಕಡೆ ಹೊಳ್ಳಿ ನೋಡ್ತಿದ್ದೆ. ನೀರಾಗ ನೀಲಿ ಬೆಳಕ ಬರ್ತೈತಿ, ಅಲ್ಲಿ."

ನಾನು ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಹೆದರಿಕೆ ಶುರುವಾಯಿತು. ಫಿಲ್ಮು ಕುಗ್ಗಿತ್ತು. ಅಂಚಿನ ತೂತುಗಳಲ್ಲಿ ಹೊಕ್ಕು ಅದನ್ನು ಮುಂದೆ ನೂಕುವ ಚಕ್ರದ ಹಲ್ಲುಗಳು ಈಗ ಅದಕ್ಕೆ ಕೂರುತ್ತಿರಲಿಲ್ಲ; ಓಡಿಸಿದರೆ ಹರಿದು ಚಿಂದಿ. ಮಾವನವರ ಕಾಲದ ಒಂದು ಕೆಟ್ಟ ಪ್ರೊಜೆಕ್ಟರ್ ಅಟ್ಟದ ಮೇಲಿತ್ತು. ಅದನ್ನು ಇಳಿಸಿ, ಆ ಹಲ್ಲುಗಳನ್ನೆಲ್ಲ ಅರ ಹಾಕಿ ತಿಕ್ಕಿ ನುಣ್ಣಗೆ ಮಾಡಿದೆ. ಸುಡುವ ದೀಪ ತೆಗೆದು ತಣ್ಣನೆಯ ಎಲ್‌ಇಡಿ ಹಾಕಿದೆ. ಎದುರಿಗೆ ಕ್ಯಾಮೆರಾ ನಿಲ್ಲಿಸಿ, ಕೈಯಿಂದ ತಿರುಗಿಸುತ್ತ ಫಿಲ್ಮಿನ ಒಂದೊಂದೇ ಚೌಕದ ಫೋಟೋ ತೆಗೆಯುವ ವ್ಯವಸ್ಥೆ ಮಾಡಿಕೊಂಡೆ. ಕಂಪ್ಯೂಟರಿನಲ್ಲಿ ಆ ಫೋಟೋಗಳನ್ನು ಸಾಲಾಗಿ ಓಡಿಸಿದರೆ ಮತ್ತೆ ಚಿತ್ರ.

ಅಕ್ಕೋರು ವಾರಕ್ಕೊಮ್ಮೆ ಬರುತ್ತಿದ್ದರು. ಹತ್ತಿಯ ಕೈಗವಸು ಹಾಕಿಕೊಂಡು, ರೀಲನ್ನು ಮೊಳಮೊಳವಾಗಿ ಬೆಳಕಿಗೆ ಹಿಡಿದು, ಮೆತ್ತನೆಯ ಬಟ್ಟೆಯಿಂದ ಬೂಷ್ಟು ಒರೆಸುತ್ತಿದ್ದರು. ತುಂಡಾದ ಕಡೆ ಅವರೇ ಅಂಟಿಸುತ್ತಿದ್ದರು. ಎಂಬತ್ತರ ಹತ್ತಿರದ ಆ ಬೆರಳುಗಳಲ್ಲಿ ನಡುಕವಿತ್ತು. ಆದರೆ ಎರಡು ತುದಿಗಳನ್ನು ಕೂಡಿಸುವ ಗಳಿಗೆಯಲ್ಲಿ ಉಸಿರು ಬಿಗಿಹಿಡಿಯುತ್ತಿದ್ದರು, ನಡುಕ ನಿಲ್ಲುತ್ತಿತ್ತು. ಕೊನೆಯ ಒಂದಿಷ್ಟು ಭಾಗ ಮಾತ್ರ ಮುಟ್ಟಿದ ಕೂಡಲೇ ಪುಡಿಯಾಯಿತು. ಅದನ್ನು ಉಳಿಸಲು ಆಗಲೇ ಇಲ್ಲ. ಅವತ್ತು ಅವರು ಗವಸು ತೆಗೆದಿಟ್ಟು, "ಇದ್ದದ್ದರ ಕಡೆ ನೋಡೂಣು" ಎಂದಷ್ಟೇ ಹೇಳಿ ಬಸ್ಸಿಗೆ ಹೋದರು.

ಉಳಿದಿದ್ದನ್ನು ಮೊದಲ ಸಲ ಪರದೆಯ ಮೇಲೆ ಓಡಿಸಿದಾಗ ನನ್ನ ಅತ್ತೆಯೂ ಬಂದು ಕೂತರು. ಚಿತ್ರ ಅಡಿಯಿಂದ ಮುಡಿಯವರೆಗೆ ಕೆಂಪು.

"ಅಯ್ಯ, ಇದೇನs, ಎಲ್ಲಾ ಇಳಕಲ್ಲ ಸೀರಿ ದಡಿ ಆಗೇತಲ್ಲ!" ಎಂದರು ಅತ್ತೆ.

ಆ ಕಾಲದ ಬಣ್ಣದ ಫಿಲ್ಮುಗಳಲ್ಲಿ ನೀಲಿಯ ಅಂಶ ಮೊದಲು ಮಾಸುತ್ತದೆ, ಕೆಂಪು ಉಳಿಯುತ್ತದೆ. ಬಿಳಿ ಅಂಗಿಯ ವಿಜ್ಞಾನಿಗಳು ಗುಲಾಬಿ ಅಂಗಿ ತೊಟ್ಟಿದ್ದರು. ಕ್ರೇನು, ತಂತಿ, ಇಟ್ಟಿಗೆ ಗೋಡೆ ಎಲ್ಲ ಕುಂಕುಮ. ಕೊನೆಗೆ ಕ್ಯಾಮೆರಾ ಆಳವಾದ ನೀರಿನ ಕೊಳದೊಳಕ್ಕೆ ಬಗ್ಗಿ ನೋಡಿತು. ತಳದಲ್ಲಿ ಇಂಧನದ ಸರಳುಗಳ ಸುತ್ತ ಬೆಳಗಬೇಕಾದ ಬೆಳಕು ಹಳಸಿದ ಗುಲಾಬಿಯಾಗಿ ಕಂಡಿತು. ಅಕ್ಕೋರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಮತ್ತೆ ಹಾಕಿಕೊಂಡು ನೋಡಿದರು.

"ಕಂಪ್ಯೂಟರಿನಾಗ ಸರಿ ಮಾಡಬಹುದ್ರಿ," ಎಂದೆ. "ಆದ್ರ ಎಂಥಾ ನೀಲಿ ಅಂತ ನೀವs ಹೇಳ್ಬೇಕು."

ಪರದೆಯ ಮೇಲೆ ನಾನು ತೋರಿಸಿದ ಯಾವ ನೀಲಿಯೂ ಅವರಿಗೆ ಒಪ್ಪಿಗೆಯಾಗಲಿಲ್ಲ. ಒಂದು ಗಾಢ, ಇನ್ನೊಂದು ತೆಳು. "ಬಾಯಾಗ ಹೇಳಾಕ ಬರಂಗಿಲ್ಲ ನೋಡು. ಕಂಡ್ರ ಹೇಳ್ತೇನಿ," ಎಂದರು. ಹಾಗಾಗಿ ಒಂದು ದಿನ ಇಬ್ಬರೂ ಇಳಕಲ್ಲಿಗೆ ಹೋದೆವು. ನೂಲಿಗೆ ಬಣ್ಣ ಹಾಕುವವರೊಬ್ಬರು ಅಕ್ಕೋರ ಹಳೆಯ ವಿದ್ಯಾರ್ಥಿನಿಯ ಗಂಡ. ಅಂಗಳದ ತುಂಬ ನೂಲಿನ ಲಡಿಗಳು ಒಣಗುತ್ತಿದ್ದವು. ಅಕ್ಕೋರು ಒಂದೊಂದನ್ನೂ ಬೆಳಕಿಗೆ ಹಿಡಿದು, ತಲೆಯಲ್ಲಾಡಿಸಿ ಬಿಡುತ್ತ ಹೋದರು. ಅಷ್ಟರಲ್ಲಿ ಆತ ಬಣ್ಣದ ನೀರಿನಿಂದ ಒಂದು ಲಡಿ ಎತ್ತಿದ. ಬಿಸಿಲು ಅದರ ಮೇಲೆ ಬಿತ್ತು.

"ಇದು! ಇದು ನೋಡ್ರಿ!" ಅಕ್ಕೋರ ದನಿ ಏರಿತು.

"ಒಣಗಿದ ಮ್ಯಾಲೆ ಇದು ಬ್ಯಾರೆ ಕಾಣ್ತೈತ್ರಿ, ಅಕ್ಕೋರ," ಎಂದ ಆತ.

"ಒಣಗೂದು ಬ್ಯಾಡ. ಹಿಂಗs ಹಿಡೀರಿ. ತಂಗಿ, ಲಗೂನ ಫೋಟೋ ತಗಿ."

ಆತ ಕೈ ಸೋಲುವವರೆಗೆ ಹಿಡಿದು ನಿಂತ. ಮನೆಗೆ ಬಂದು, ಅಂಥದೇ ಕೊಳಗಳ ಈಗಿನ ಫೋಟೋಗಳ ಪಕ್ಕ ಆ ಹಸಿ ನೂಲಿನ ಫೋಟೋ ಇಟ್ಟು ನೋಡಿದೆ. ಒಂದೇ ಅಂತ ಹೇಳಲಾರೆ, ದೂರವೂ ಇರಲಿಲ್ಲ. ಅಷ್ಟು ವರ್ಷ, ಅಷ್ಟು ಶಾಲೆಗಳಲ್ಲಿ, ಆ ಒಂದು ಗಳಿಗೆ ಹೊರಳಿ ನೋಡಿದ ಬಣ್ಣ ಅವರ ಕಣ್ಣಿನಲ್ಲಿ ಮಾಸದೆ ಉಳಿದಿತ್ತು. ಆದರೂ ಅಕ್ಕೋರು ನನ್ನನ್ನು ಎಚ್ಚರಿಸಿದರು: "ಕೆಂಪಂದೂ ಇರಲಿ. ಇದು ನನ್ನ ನೆನಪಿನ ನೀಲಿ. ಮುಂದ ಯಾರರ ನನಗಿಂತ ಶಾಣ್ಯಾರು ಬಂದ್ರ, ಅವರಿಗೆ ಅಸಲು ಸಿಗಬೇಕು." ಅದಕ್ಕೇ ಎರಡು ಪ್ರತಿ ಮಾಡಿದೆ. ಇದ್ದದ್ದು ಇದ್ದ ಹಾಗೆ ಒಂದು, ಬಣ್ಣ ತಿದ್ದಿದ್ದು ಒಂದು. ತಿದ್ದಿದ್ದರ ಮೊದಲಿಗೇ ಇದು ತಿದ್ದಿದ್ದು ಅಂತ ಕನ್ನಡದಲ್ಲಿ ಬರೆದೆ.

ಉಳಿದದ್ದು ಧ್ವನಿ. ಇಂಗ್ಲಿಷ್ ಮಾತು ಕರಕರ ಎನ್ನುತ್ತಿದ್ದರೂ ಉಳಿದಿತ್ತು. ಅದನ್ನು ಮೂಲ ಪ್ರತಿಗೆ ಇಟ್ಟೆ. ಇನ್ನೊಂದಕ್ಕೆ ಅಕ್ಕೋರ ಮಾತು ಬೇಕು ಅಂತ ನನ್ನ ಹಟ. ಅಂಗಡಿಯ ಬಾಗಿಲು ಹಾಕಿ, ಮೈಕು ಮುಂದಿಟ್ಟೆ. ಅಕ್ಕೋರು ಗಂಟಲು ಸರಿಮಾಡಿಕೊಂಡು, "ಪರಮಾಣು ವಿದಳನವು ಒಂದು ಸರಪಳಿ ಕ್ರಿಯೆಯಾಗಿದ್ದು..." ಎಂದು ಪಾಠದ ಪುಸ್ತಕದ ಹಾಗೆ ಶುರು ಮಾಡಿದರು. ನಾಲ್ಕು ಮಾತು ಆಡುವಷ್ಟರಲ್ಲಿ ನಿಂತುಬಿಟ್ಟರು. ಎರಡನೆಯ ಸಲವೂ ಹಾಗೇ ಆಯಿತು.

"ಬರವಲ್ದು, ತಂಗಿ. ಗೋಡಿಗೆ ಹೆಂಗ್ ಹೇಳ್ಲಿ?"

ನಾನು ಒಳಗೆ ಹೋಗಿ ಅತ್ತೆಯನ್ನು ಕರೆತಂದು ಮೈಕಿನ ಆಚೆ ಕುರ್ಚಿಯಲ್ಲಿ ಕೂರಿಸಿದೆ. ನನ್ನ ಅತ್ತೆ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವರು, ಪ್ರಶ್ನೆ ಕೇಳುವುದನ್ನು ಮಾತ್ರ ಬಿಟ್ಟವರಲ್ಲ. ಚಿತ್ರ ಓಡತೊಡಗಿತು. "ಇದು ಅಣುವಿನ ಒಲಿ," ಎಂದು ಅಕ್ಕೋರು ಪರದೆಯ ಕಡೆ ಬೆರಳು ಮಾಡಿದರು.

"ಒಲಿ ಅಂತೀರಿ, ಉರಿ ಎಲ್ಲೈತ್ರಿ, ಅಕ್ಕೋರ?"

"ಉರಿ ಇಲ್ಲದ ಒಲಿ ಇದು, ವೈನಿ. ಒಳಗ ಕಣ್ಣಿಗೆ ಕಾಣದಷ್ಟು ಸಣ್ಣ ಕಾಳು ಅದಾವು ಅನ್ರಿ. ಒಂದು ಒಡೀತು, ಅದರಾಗಿಂದ ಎರಡೋ ಮೂರೋ ಚೂರು ಹಾರಿ ಬಾಜೂಕಿನವನ್ನ ಬಡೀತಾವು. ಅವೂ ಒಡೀತಾವು. ಒಡದಂಗ ಒಡದಂಗ ಕಾವು."

"ಹಂಗs ಬಿಟ್ರ?"

"ಹಂಗs ಬಿಡಾಂಗಿಲ್ಲ. ಅಲ್ಲಿ ಮ್ಯಾಲಿಂದ ಕೋಲು ಇಳ್ಯಾಕ ಹತ್ತೇತಿ ನೋಡ್ರಿ, ಅದು ಆ ಚೂರುಗಳನ್ನ ನುಂಗ್ತೈತಿ. ಎತ್ತಿಗೆ ಮೂಗದಾರ ಇದ್ದಂಗ. ಎಳದ್ರ ನಿಂತೀತು, ಸಡ್ಲ ಬಿಟ್ರ ನಡದೀತು."

ಆಮೇಲೆ ಅವರನ್ನು ತಡೆಯುವುದೇ ಕಷ್ಟವಾಯಿತು. ಕುರ್ಚಿಯಿಂದ ಎದ್ದು ನಿಂತರು, ಕೈ ಆಡತೊಡಗಿತು, ದನಿಗೆ ಕಸುವು ಬಂತು. ನಾನು ಮೈಕು ಹಿಡಿದುಕೊಂಡು ಅವರ ಹಿಂದೆ ಹಿಂದೆ ಓಡಾಡಿದೆ. ಅತ್ತೆಯ ಪ್ರಶ್ನೆಗಳನ್ನು ಆಮೇಲೆ ಕತ್ತರಿಸಬೇಕು ಅಂದುಕೊಂಡಿದ್ದೆ. ಕೇಳಿ ನೋಡಿದ ಮೇಲೆ ಒಂದನ್ನೂ ತೆಗೆಯಲಿಲ್ಲ.

ರೆಕಾರ್ಡಿಂಗ್ ಮುಗಿದ ಮೇಲೆ ಅಕ್ಕೋರು ಸುಮ್ಮನೆ ಕೂತು ಚಿತ್ರವನ್ನು ಮೊದಲಿಂದ ಉಳಿದಷ್ಟೂ ನೋಡಿದರು. ಬೆನ್ನಿಗೆ ದಿಂಬು ಇಟ್ಟುಕೊಂಡು, ಯಾರಿಗೂ ಏನೂ ವಿವರಿಸದೆ. ಸ್ಥಾವರದ ಗುಮ್ಮಟದ ಕೆಳಗೆ ಅಂಗಿಯ ತೋಳು ಮಡಚಿದ ಕೆಲಸಗಾರರು ಸಿಮೆಂಟು ಹೊರುವುದು ಬಂತು. "ಇವರು ಇದ್ದದ್ದs ನನಗ ಗೊತ್ತಿರ್ಲಿಲ್ಲ," ಎಂದರು ಮೆಲ್ಲಗೆ.

ಮೂಲ ರೀಲನ್ನು ತಂಪು ಕೋಣೆಯಿರುವ ಒಂದು ಚಿತ್ರ ಸಂಗ್ರಹಾಲಯಕ್ಕೆ ಕೊಟ್ಟೆವು. ತಿದ್ದಿದ ಪ್ರತಿಯನ್ನು ಮೊದಲು ತೋರಿಸಿದ್ದು ಕೆರೂರಿನಲ್ಲಿ, ಅಕ್ಕೋರು ನೌಕರಿ ಶುರು ಮಾಡಿದ ಶಾಲೆಯಲ್ಲಿ. ಸಂತೆಯ ದಿನ, ಹೊರಗೆ ಒಂದೇ ಗದ್ದಲ. ಒಳಗೆ ಹುಡುಗಿಯರು ಪಿಸುಗುಟ್ಟುತ್ತಿದ್ದರು. ಕೊಳದ ತಳದಲ್ಲಿ ನೀಲಿ ಬೆಳಗಿದಾಗ ಪಿಸುಮಾತು ನಿಂತಿತು.

ಚಿತ್ರ ಮುಗಿದ ಮೇಲೆ ಒಬ್ಬಳು ಎದ್ದು ನಿಂತು, "ಅಜ್ಜಿ, ಇದರ ಬಾಜೂಕ ಕೆಲಸ ಮಾಡಾಕ ಅವರಿಗೆ ಅಂಜಿಕಿ ಆಗ್ತಿರ್ಲಿಲ್ಲೇನ್ರಿ?" ಎಂದು ಕೇಳಿದಳು.

ಅಕ್ಕೋರು ಅವಳ ಕಡೆ ತಿರುಗಿದರು. "ಚಿತ್ರದಾಗ ಅದನ್ನ ಹೇಳಿಲ್ಲ ನೋಡವ್ವ. ಆದ್ರ ಅಂಜಿಕಿ ಇರಬೇಕು. ಅಂಜಿಕಿ ಇದ್ದವರs ಅಷ್ಟು ದಪ್ಪ ಗೋಡಿ ಕಟ್ಟಿದ್ರು, ಅಷ್ಟು ಆಳ ನೀರ ಇಟ್ರು. ಏನೂ ಆಗಂಗಿಲ್ಲ ಅನ್ನಾವರ ಕೈಯಾಗ ಇದನ್ನ ಕೊಡಬಾರದು."

ಇನ್ನೊಬ್ಬಳು ಸುಟ್ಟ ಇಂಧನವನ್ನು ಎಲ್ಲಿಡುತ್ತಾರೆ ಎಂದು ಕೇಳಿದಳು. ಮತ್ತೊಬ್ಬಳಿಗೆ ಆ ಚಿತ್ರದಲ್ಲಿ ಹೆಂಗಸರು ಯಾಕೆ ಅಷ್ಟು ಕಮ್ಮಿ ಅನ್ನುವ ಚಿಂತೆ. ಗಂಟೆ ಬಾರಿಸಿದರೂ ಅಕ್ಕೋರ ಸುತ್ತ ಗುಂಪು ಕರಗಲಿಲ್ಲ. ಹೆಡ್‌ಮಿಸ್ಟ್ರೆಸ್ ಎರಡು ಸಲ ಚಹಾಕ್ಕೆ ಕರೆದರು. ನಾನು ವೈರು ಸುತ್ತಿ, ಪರದೆ ಮಡಚಿ, ಸಾಮಾನನ್ನೆಲ್ಲ ಆಟೋಕ್ಕೆ ಹಾಕಿ ಮರಳಿ ಬಂದಾಗಲೂ ಅವರು ಒಬ್ಬ ಹುಡುಗಿಯ ಅಂಗೈ ಮೇಲೆ ಬೆರಳಿನಿಂದ ಏನೋ ಗೆರೆ ಎಳೆದು ತಿಳಿಸಿ ಹೇಳುತ್ತಿದ್ದರು.