ಮಿಷನ್ನಿನ ಸದ್ದಿಗೆ ಉಣ್ಣುವ ಮರಿಗಳು

ನಮ್ಮಪ್ಪನ ಹೊಲಿಗೆ ಮಿಷನ್ನನ್ನು ಅಪ್ಪನಲ್ಲದೆ ಬೇರೆ ಯಾರೂ ತುಳಿಯುವಂತಿರಲಿಲ್ಲ. ಇನ್ನೊಬ್ಬರ ಕಾಲು ಬಿದ್ದರೆ ಮಿಷನ್ನಿನ ನಡಿಗೆ ಕೆಡುತ್ತದೆ, ಆಮೇಲೆ ನೆಟ್ಟಗೆ ಹೊಲಿಗೆಯೇ ಬೀಳುವುದಿಲ್ಲ ಎಂಬುದು ಅವನ ನಂಬಿಕೆ. ಕಳ್ಳಂಬೆಳ್ಳದ ನಮ್ಮ ಬೀದಿಯಲ್ಲಿ ಇದ್ದದ್ದು ಅದೊಂದೇ ಮಿಷನ್ನು, ಹಾಗಾಗಿ ಈ ಮಾತು ಸುಳ್ಳೆಂದು ತೋರಿಸುವವರೂ ಇರಲಿಲ್ಲ. ನಮ್ಮವ್ವನಿಗೆ ಮಾತ್ರ ಅದರ ಮುಂದೆ ಕೂರಬೇಕೆಂಬುದೇ ಜೀವಮಾನದ ಆಸೆ. ಮದುವೆಯಾಗಿ ಹನ್ನೊಂದು ವರ್ಷ ಧೂಳು ಒರೆಸಿದ್ದಷ್ಟೇ ಅವಳ ಪಾಲಿಗೆ ಬಂದದ್ದು. ಸೊಪ್ಪು ಸೋಸುತ್ತ ಕೂತಾಗಲೂ ಅವಳ ಬಲಗಾಲು ತನ್ನಷ್ಟಕ್ಕೆ ಪೆಡಲ್ಲು ತುಳಿಯುತ್ತಿತ್ತು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಗ್ರಾಮಸೇವಕರು ಶಿರಾದಿಂದ ಬಸ್ಸಿನಲ್ಲಿ, ತೂತು ಕೊರೆದ ರಟ್ಟಿನ ಡಬ್ಬದಲ್ಲಿ, ಹನ್ನೆರಡು ಕೋಳಿಮರಿ ತಂದು ಅವ್ವನ ಕೈಗೆ ಕೊಟ್ಟರು. ತಾಯಿಯ ಕಾವಿಲ್ಲದೆ ಯಂತ್ರದಲ್ಲಿ ಹುಟ್ಟಿದವಂತೆ. "ಮೊದ್ಲು ಈ ನುಚ್ಚಿನ ಪುಡಿ ಮಾತ್ರ ಹಾಕಮ್ಮ. ಆಮೇಲೆ ಒಂದೊಂದೇ ಹೊಸ ತಿನಿಸು ಅಭ್ಯಾಸ ಮಾಡ್ಸು. ಎಲ್ಲಾ ಒಟ್ಟಿಗೆ ಸುರಿದು ಸಾಯಿಸ್ಬೇಡ" ಎಂದು ಹೇಳಿ ಹೋದರು. ಅವ್ವ ಬುಟ್ಟಿಯೊಂದರಲ್ಲಿ ಮರಿಗಳನ್ನು ಬಿಟ್ಟು, ಬೆಚ್ಚಗಿರಲೆಂದು ಲಾಟೀನು ಹಚ್ಚಿ, ಮಿಷನ್ನಿನ ಪಕ್ಕದಲ್ಲೇ ಇಟ್ಟಳು.

ಮೊದಲ ಸಲ ರಾಗಿ ಹಾಕಿದ ದಿನ ಮರಿಗಳು ಅದನ್ನು ತಹಶೀಲ್ದಾರರು ಬಡವರ ಅರ್ಜಿ ನೋಡುವ ಹಾಗೆ ನೋಡಿ ಸುಮ್ಮನೆ ನಿಂತವು. ಅಷ್ಟರಲ್ಲಿ ಅಪ್ಪ ಮಿಷನ್ ತುಳಿದ. ಹನ್ನೆರಡೂ ಟಕಟಕ ಕುಕ್ಕತೊಡಗಿದವು. ಅಪ್ಪ ನಿಲ್ಲಿಸಿದ, ಅವೂ ನಿಂತವು. ಮತ್ತೆ ತುಳಿದ, ಮತ್ತೆ ಕುಕ್ಕಿದವು. ಅಪ್ಪನ ಮುಖ ಅರಳಿದ್ದನ್ನು ನೋಡಬೇಕಿತ್ತು.

"ಕಂಡ್ಯೇನೇ? ಯಂತ್ರದಾಗೆ ಹುಟ್ಟಿದ್ದವು, ಯಂತ್ರದ ಮಾತು ತಿಳೀತದೆ. ನನ್ನ ಮಿಷನ್ನೇ ಇವುಕ್ಕೆ ತಾಯಿ ಕಣೇ!"

ಅಲ್ಲಿಂದ ಶುರುವಾಯಿತು ನಮ್ಮ ಮನೆಯ ಹುಚ್ಚಾಟ. ನವಣೆಗೆ ನಿಧಾನ ತುಳಿಯಬೇಕು, ನುಗ್ಗೆಸೊಪ್ಪಿಗೆ ಜೋರಾಗಿ ತುಳಿಯಬೇಕು, ಕಡಲೆಕಾಯಿ ಹಿಂಡಿಗೆ ದಪ್ಪ ಬಟ್ಟೆಯನ್ನೇ ಹೊಲಿಯಬೇಕು ಎಂದು ಅಪ್ಪ ಕಂಡುಹಿಡಿದ. ಹೊಲಿಯಲು ಬಟ್ಟೆಯಿಲ್ಲದಿದ್ದರೆ ಬರೀ ಮಿಷನ್ನು ತುಳಿದ. ಮರಿಗಳನ್ನು ನೋಡುತ್ತ ನೋಡುತ್ತ ಹೊಳವನಹಳ್ಳಿಯ ಗಿರಾಕಿಯೊಬ್ಬರ ಅಂಗಿಯ ತೋಳನ್ನು ಬಾಯಿ ಮುಚ್ಚಿ ಹೊಲಿದುಬಿಟ್ಟ. ಅವರು ತೂರಿಸಿದ ಕೈ ಆಚೆಗೆ ಬರಲೇ ಇಲ್ಲ. ಅಷ್ಟು ಹೊತ್ತೂ ಅವ್ವ ಮುಷ್ಟಿ ಬಿಗಿದುಕೊಂಡು ಬುಟ್ಟಿಯ ಪಕ್ಕದಲ್ಲಿ ನಿಂತಿರುತ್ತಿದ್ದಳು. ನನಗೋ ಮರಿಗಳ ಮೇಲೆ ಕೆಟ್ಟ ಸಿಟ್ಟು. ನಾನು ಊಟಕ್ಕೆ ಕೂತಾಗ ಯಾರೂ ಮಿಷನ್ ತುಳಿದಿರಲಿಲ್ಲ, ಮುದ್ದೆ ಬೇಡವೆಂದರೆ ತಲೆಗೆ ಮೊಟಕುತ್ತಿದ್ದರು.

ಹೀಗಿರುವಾಗ ಮಧುಗಿರಿಯಲ್ಲಿ ನೆಂಟರ ಮದುವೆ ಬಂತು. ಅಪ್ಪ ನಾಲ್ಕು ದಿನ ಹೋಗಲೇಬೇಕು. ಹಾಗಾದರೆ ಮರಿಗಳ ಊಟ? ಅಪ್ಪ ಒಂದು ದಿನವೆಲ್ಲ ಒದ್ದಾಡಿದ. ಕೊನೆಗೆ ಮಿಷನ್ನಿನ ಸೂಜಿ ಬಿಚ್ಚಿ ಜೇಬಿಗೆ ಹಾಕಿಕೊಂಡು ಅವ್ವನನ್ನು ಕರೆದ.

"ಮೂರು ಹೊತ್ತೂ ತುಳಿ. ಮರಿಗಳು ತಿಂದಮ್ಯಾಲೆ ಎದ್ಬುಡು. ಹೊಲಿಯಾಕೆ ಮಾತ್ರ ಹೋಗ್ಬ್ಯಾಡ."

ಅವ್ವ ತಲೆ ತಗ್ಗಿಸಿ ಹೂಂ ಅಂದಳು.

ಮಾರನೆಯ ದಿನ ನಾನು ಸ್ಕೂಲಿನಿಂದ ಬಂದಾಗ ಮಿಷನ್ನಿನ ಸದ್ದು ಬೀದಿಗೇ ಕೇಳುತ್ತಿತ್ತು. ಒಳಗೆ ಬುಟ್ಟಿ ಖಾಲಿ. ಹಿತ್ತಲಿಗೆ ಹೋಗಿ ನೋಡಿದರೆ ಹನ್ನೆರಡು ಮರಿಯೂ ಅಲ್ಲಿವೆ. ಗೆದ್ದಲು ಕೂಡಲೆಂದು ಸಗಣಿ, ಒಣಹುಲ್ಲು ತುಂಬಿ ಬೋರಲು ಹಾಕಿದ್ದ ಮಡಕೆಯನ್ನು ಯಾರೋ ಎತ್ತಿಟ್ಟಿದ್ದರು, ಅದರಡಿ ಕೂಡಿದ್ದ ಗೆದ್ದಲಿನ ಮೇಲೆ ಬಿದ್ದು ಕಿತ್ತಾಡುತ್ತಿದ್ದವು. ಒಂದು ಮರಿ ಸೊಪ್ಪು ಎಳೆಯುತ್ತಿತ್ತು, ಇನ್ನೊಂದು ಬಟ್ಟೆ ಸೋಪಿನ ರುಚಿ ನೋಡುತ್ತಿತ್ತು. ನಾನು ಒಳಗೆ ಓಡಿದೆ.

"ಅವ್ವಾ, ಮಿಷನ್ ಪಕ್ಕದಾಗಿಲ್ದಿದ್ರೂ ತಿಂತಾವೆ!"

ಅವ್ವ ತುಳಿಯುವುದನ್ನು ನಿಲ್ಲಿಸಲಿಲ್ಲ. ಅವಳ ಕೈಯಡಿಯಲ್ಲಿ ಚೂರು ಬಟ್ಟೆಗಳು ಸೇರಿ ನನ್ನ ಅಳತೆಯ ಲಂಗವಾಗುತ್ತಿದ್ದವು.

"ಮೊದಲ್ನೇ ದಿನ ಅದೇನೋ ಹಂಗಾಯ್ತು. ಆಮ್ಯಾಕಿಂದೆಲ್ಲ ನಂದೇ ಕಣೇ. ನಿಮ್ಮಪ್ಪ ಏಳೋಕೆ ಮುಂಚೆ ಹೊಟ್ಟೆ ಬಿರಿಯ ತಿನ್ನಿಸ್ಬುಡ್ತೀನಿ. ಆಮ್ಯಾಲೆ ಏನು ಹಾಕಿದ್ರೂ ಮೂಸಾಕಿಲ್ಲ. ಮಿಷನ್ ತಿರುಗಿದೇಟ್ಗೆ ಒಂದ್ ಮುಷ್ಟಿ ಗೆದ್ದಲು ಉದುರಿಸ್ತೀನಿ. ಹೊಟ್ಟೆ ತುಂಬಿದ್ರೂ ಗೆದ್ದಲು ಬುಡ್ತವಾ?"

"ಮತ್ತೆ ಸೂಜಿ?"

"ಅರಿಶಿನದ ಡಬ್ಬೀಲಿ ಒಂದ್ ಇಟ್ಟಿದ್ದೆ, ನೀನು ಹುಟ್ಟೋಕೆ ಮುಂಚಿಂದ."

ಅಲ್ಲಿಯವರೆಗೆ ನನ್ನ ಅವ್ವ ಬಲು ಪಾಪದವಳು ಅಂದುಕೊಂಡಿದ್ದೆ. ಆವತ್ತು ನನಗೆ ಅವಳ ಮೇಲೆ ಬಂದ ಪ್ರೀತಿ ಇವತ್ತಿಗೂ ಇಳಿದಿಲ್ಲ.

ಆದರೆ ನನ್ನ ಬುದ್ಧಿಗೇಡಿತನ ನೋಡಿ. ಅಪ್ಪ ಬರುವ ದಿನ ಅದೇ ಲಂಗ ಉಟ್ಟು ಬಸ್ಸಿನ ಹತ್ತಿರ ಹೋಗಿ ನಿಂತೆ. ಅಪ್ಪ ಮನೆಗೆ ಬಂದವನೇ ಲಂಗದ ಅಂಚು ಹಿಡಿದು ತಿರುವಿಹಾಕಿ, ಹೊಲಿಗೆಯುದ್ದಕ್ಕೂ ಹೆಬ್ಬೆರಳು ಎಳೆದ. ಅವ್ವ ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಮಿಷನ್ನಿನ ಮುಂದೆ ಕೂತು, ಜೇಬಿನ ಸೂಜಿ ಹಾಕಿ, ಒಂದು ಚಿಂದಿ ಹೊಲಿದು ನೋಡಿದ. ನೆಟ್ಟಗೆ ಬಿತ್ತು. ಇನ್ನೊಂದು ಹೊಲಿದ. ಅದೂ ನೆಟ್ಟಗೆ.

"ಮರಿಗಳು ತಿಂದ್ವಾ?" ಎಂದು ಕೇಳಿದ.

"ಚೆನ್ನಾಗ್ ತಿಂದ್ವು," ಅಂದಳು ಅವ್ವ.

ಆ ಹೊತ್ತಿಗೆ ಸರಿಯಾಗಿ ದರಿದ್ರದ ಮರಿಯೊಂದು ಒಳಗೆ ಬಂದು, ಅಪ್ಪ ಮದುವೆಮನೆಯಿಂದ ತಂದಿದ್ದ ಕಡಲೆಪುರಿಯ ಚೀಲಕ್ಕೆ ಬಾಯಿ ಹಾಕಿತು. ಮಿಷನ್ ನಿಂತಿತ್ತು, ಮನೆಯಲ್ಲಿ ಸದ್ದೇ ಇಲ್ಲ, ಮರಿ ಗಬಗಬ ತಿನ್ನುತ್ತಿತ್ತು. ಅಪ್ಪ ಅದನ್ನೇ ಬಹಳ ಹೊತ್ತು ನೋಡಿದ. ಆಮೇಲೆ ಅವ್ವನನ್ನು ನೋಡಿದ. ಕೊನೆಗೆ ಸ್ಟೂಲು ಬಿಟ್ಟು ಎದ್ದ.

"ಸಂಜೆ ಊಟದ ಹೊತ್ತಾಯ್ತು, ಮರಿಗಳು ಕಾಯ್ತಾವೆ. ಕೂತ್ಕ. ಸುಮ್ಕೆ ಯಾಕ್ ತುಳೀತೀಯ, ಈ ಜುಬ್ಬದ ಅಂಚು ಹೊಲ್ದ್ಬುಡು."

ಆ ಕೋಳಿಗಳು ಬೆಳೆದವು, ಮೊಟ್ಟೆಯಿಟ್ಟವು, ಒಂದೊಂದಾಗಿ ಮುಗಿದೂ ಹೋದವು. ಅರವತ್ತರ ದಶಕದುದ್ದಕ್ಕೂ ಅವ್ವ ಬೆಳಿಗ್ಗೆಯಿಂದ ಸಂಜೆಯವರೆಗೆ ಮಿಷನ್ನಿನ ಮುಂದೆ ಕೂತು ಊರಿನ ರವಿಕೆಗಳನ್ನೆಲ್ಲ ಹೊಲಿದಳು. ಪಕ್ಕದಲ್ಲಿ ಗುಂಡಿ ಹಾಕುತ್ತ ಕೂತ ಅಪ್ಪನನ್ನು ಗಿರಾಕಿಗಳು, ನಿನ್ನ ಮಿಷನ್ನು ಯಾರಿಗೂ ಮುಟ್ಟಗೊಡ್ತಿರ್ಲಿಲ್ವಲ್ಲಪ್ಪ ಎಂದು ಕೆಣಕುತ್ತಿದ್ದರು. ಅಪ್ಪ ತಲೆಯೆತ್ತದೆ ಹೇಳುತ್ತಿದ್ದ:

"ಅವಳೆಲ್ಲಿ ಹೊಲೀತಾವಳೆ? ಕೋಳಿಮರಿಗೆ ಊಟ ಹಾಕ್ತಾವಳೆ."

ಆಗ ನಮ್ಮ ಮನೆಯಲ್ಲಿ ಒಂದು ಕೋಳಿಯೂ ಇರಲಿಲ್ಲ.