ಕಂಪ್ಯೂಟರಿನಲ್ಲಿ ಉಳಿದಿದ್ದ ಹಲ್ಲುಗಳು

ರಾಜಾಜಿನಗರದ ಡೆಂಟಲ್ ಲ್ಯಾಬಿನಲ್ಲಿ ನಾನು ಕೆಲಸಕ್ಕಿದ್ದಾಗ ನಮ್ಮಲ್ಲಿಗೆ ಹೊಸದಾಗಿ ಹಲ್ಲಿನ ಅಚ್ಚನ್ನು ಕಂಪ್ಯೂಟರಿಗೆ ಇಳಿಸುವ ಸ್ಕ್ಯಾನರು, ಅದನ್ನು ಪ್ಲಾಸ್ಟಿಕ್ಕಿನಲ್ಲಿ ಮೂಡಿಸುವ ತ್ರೀಡಿ ಪ್ರಿಂಟರು ಬಂದಿದ್ದವು. ಮೊಬೈಲುಗಳಿಗೆ ಇನ್ನೂ ಬಟನ್ ಇದ್ದ ಕಾಲ ಅದು. ನನ್ನ ಬಾಡಿಗೆಮನೆಯ ಒಡತಿ, ಧಾರವಾಡದ ಕಡೆಯ ಅಜ್ಜಿ, ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದರು. ಹಲ್ಲು ಸವೆಯದಂತೆ ಮೇಲೆ ಕೂರುವ ಪ್ಲಾಸ್ಟಿಕ್ ಕವಚ, ಸ್ಪ್ಲಿಂಟನ್ನು ನಾನೇ ಮಾಡಿಕೊಟ್ಟಿದ್ದೆ. ಅದಕ್ಕಾಗಿ ಡಾಕ್ಟರು ಬಾಯಿಗೆ ಪೇಸ್ಟ್ ತುಂಬಿ ಅಚ್ಚು ತೆಗೆದಾಗ ಅಜ್ಜಿ ಓಕರಿಸಿ ಕಣ್ಣೀರು ಹಾಕಿದ್ದರು.

ಮೂರೇ ತಿಂಗಳಿಗೆ ಅದನ್ನು ಕಾಗದದಲ್ಲಿ ಸುತ್ತಿಟ್ಟು, ಮರೆತು ಕಸದ ಜೊತೆ ಎಸೆದುಬಿಟ್ಟರು. ಲ್ಯಾಬಿಗೇ ಬಂದು ತಲೆ ತಗ್ಗಿಸಿ ನಿಂತರು. "ಮತ್ತ ಆ ಪೇಸ್ಟ್ ಬಾಯಾಗ ಹಾಕ್ತಾರೇನಪಾ?"

"ಬೇಕಾಗಿಲ್ಲ ಅಜ್ಜಿ, ಬನ್ನಿ, ತೋರಿಸ್ತೀನಿ," ಎಂದು ಕಂಪ್ಯೂಟರಿನ ಮುಂದೆ ಕೂರಿಸಿದೆ. ಮೊದಲ ಸಲದ ಅಚ್ಚಿನಿಂದ ಸ್ಕ್ಯಾನ್ ಮಾಡಿಟ್ಟಿದ್ದ ಅವರ ಹಲ್ಲಿನ ಸಾಲು ಪರದೆಯ ಮೇಲೆ ನಿಧಾನವಾಗಿ ತಿರುಗಿತು. ಇದರಿಂದಲೇ ಮಾದರಿ ಪ್ರಿಂಟ್ ಮಾಡಿ, ಅದರ ಮೇಲೆ ಹೊಸ ಸ್ಪ್ಲಿಂಟ್ ಮಾಡಬಹುದೆಂದು ವಿವರಿಸಿದೆ.

ಅವರು ಕೇಳಿಸಿಕೊಳ್ಳಲಿಲ್ಲ. ಮುಂದಿನ ಹಲ್ಲೊಂದರ ಮೇಲೆ ಬೆರಳಿಟ್ಟು, "ಇದು ನಮ್ಮವ್ವನ ಹಲ್ಲು," ಎಂದರು. "ಹಿಂಗ ಸೊಟ್ಟ ಇತ್ತು ಆಕೀದು. ಅವ್ವಂದು ಒಂದು ಫೋಟೋನೂ ಇಲ್ಲ ನಮ್ಮನ್ಯಾಗ."

ಎರಡು ದಿನ ಬಿಟ್ಟು ಹೊಸ ಸ್ಪ್ಲಿಂಟಿನ ಜೊತೆ ಪ್ರಿಂಟ್ ಮಾಡಿದ ಮಾದರಿಯನ್ನೂ ಅವರಿಗೇ ಕೊಟ್ಟೆ. ದೇವರ ಮನೆಯಲ್ಲಿ ಇಡಬೇಡಿ ಎಂದು ನಗುತ್ತ ಹೇಳಿದೆ. ಅಲ್ಲೇ ಇಟ್ಟರು.