ತೇದ ಗುಳಿಗೆ

ಬನಹಟ್ಟಿಯ ನೇಕಾರ ಕಾಶಪ್ಪನಿಗೆ ಗುಳಿಗೆ ನುಂಗಲು ಬರುತ್ತಿರಲಿಲ್ಲ. ಐವತ್ತು ದಾಟಿದ ಗಂಡಸು, ಕುಣಿಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತರೆ ಊಟದ ತನಕ ಏಳುವವನಲ್ಲ, ಕೆಂಪು ಖಾರ ಹಚ್ಚಿಕೊಂಡು ರೊಟ್ಟಿಯ ಮೇಲೆ ರೊಟ್ಟಿ ಮುರಿಯುವವನು. ಆದರೆ ಹೆಸರುಕಾಳಿನಷ್ಟು ಗುಳಿಗೆ ನಾಲಿಗೆಗೆ ತಾಗಿದರೆ ಸಾಕು, ಕಣ್ಣು ಮೇಲೆ ಮಾಡಿ ಓಕರಿಸುತ್ತಿದ್ದ. ನೆಗಡಿಯಿರಲಿ, ತಲೆನೋವಿರಲಿ, ಹೆಂಡತಿ ಶೇವಂತಿ ಗುಳಿಗೆಯನ್ನು ಸಾಣೆಕಲ್ಲಿನ ಮೇಲೆ ತೇದು, ಬೆಲ್ಲದ ನೀರಿನಲ್ಲಿ ಕಲೆಸಿ ಕುಡಿಸಬೇಕು, ಕೂಸಿಗೆ ಬಜೆ ತೇದು ನೆಕ್ಕಿಸಿದ ಹಾಗೆ. ಆಕೆ ಅದಕ್ಕೆ ಬೇಸರ ಮಾಡಿಕೊಂಡವಳಲ್ಲ. ಬೇಸರಕ್ಕೂ ಪುರುಸೊತ್ತು ಬೇಕಲ್ಲ.

ಶೇವಂತಿ ಮಹಾಲಿಂಗಪುರದಿಂದ ಈ ಮನೆಗೆ ಬಂದಾಗ ಇನ್ನೂ ಲಂಗ ಉಡುವ ಹುಡುಗಿ. ಅಂದಿನಿಂದ ನಸುಕಿಗೆ ಎದ್ದು ರೊಟ್ಟಿ ಬಡಿಯುವುದು, ಆಮೇಲೆ ರಾಟಿಯ ಮುಂದೆ ಕೂತು ಗಂಡನ ಲಾಳಿಗೆ ನೂಲಿನ ಕಂಡಿಕೆ ಸುತ್ತುವುದು. ಮಗ್ಗ ನಿಂತರೆ ಒಲೆ ನಿಂತಂತೆ. ಅತ್ತೆ ಮುದಕವ್ವ ಆಕೆಗೆ ಕಲಿಸಿದ ದೊಡ್ಡ ಪಾಠವೆಂದರೆ ಏನನ್ನೂ ಚೆಲ್ಲಬಾರದು ಎನ್ನುವುದು. ಕಡಿದ ಎಳೆಯನ್ನು ಗಂಟು ಹಾಕಬೇಕು, ನೂಲಿಗೆ ಹಚ್ಚಿ ಉಳಿದ ಗಂಜಿಯನ್ನು ನಾಳೆಗೆ ಇಡಬೇಕು, ಅನ್ನ, ನೂಲು, ಔಷಧ ಕಾಲಿಗೆ ಸಿಗಬಾರದು. ಅತ್ತೆ ಸತ್ತು ಎಷ್ಟೋ ವರ್ಷವಾಗಿತ್ತು. ಪಾಠ ಮಾತ್ರ ಸತ್ತಿರಲಿಲ್ಲ. ತೇದಾದ ಮೇಲೆ ಕಲ್ಲಿಗೆ ಅಂಟಿದ್ದನ್ನು ಶೇವಂತಿ ಬೆರಳಿನಿಂದ ಬಳಿದು ನೆಕ್ಕುತ್ತಿದ್ದಳು, ಕಲ್ಲು ತೊಳೆದ ನೀರನ್ನೂ ತಾನೇ ಕುಡಿಯುತ್ತಿದ್ದಳು. ಬಚ್ಚಲಿಗೆ ಚೆಲ್ಲಿದರೆ ಔಷಧಕ್ಕೆ ಅಪಮಾನ, ರೋಗಿಗೆ ಗುಣವಾಗುವುದಿಲ್ಲ ಎಂದು ಆ ಮನೆಯ ನಂಬಿಕೆ.

ಓಣಿ ಓಣಿಗೆ ಪವರ್‌ಲೂಮು ಬಂದು ಕುಣಿಮಗ್ಗಗಳು ಒಂದೊಂದಾಗಿ ಮುಚ್ಚುತ್ತಿದ್ದ ಎಪ್ಪತ್ತರ ದಶಕದಲ್ಲಿ ಕಾಶಪ್ಪನ ಹೊಟ್ಟೆಯ ಎಡಭಾಗ ಗಟ್ಟಿಯಾಗಿ ಊದಿಕೊಂಡಿತು. ಮೈ ಸೊರಗಿತು, ರಾತ್ರಿ ಬೆವರು. ಊರ ಡಾಕ್ಟರು ಮಿರಜಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿನ ಡಾಕ್ಟರು ರಕ್ತ ನೋಡಿ, ಇದು ರಕ್ತದ ಕ್ಯಾನ್ಸರು, ಬೇರುಸಹಿತ ಹೋಗುವುದಿಲ್ಲ, ಆದರೆ ಗುಳಿಗೆಯಿಂದ ವರ್ಷಗಟ್ಟಲೆ ಹಿಡಿದಿಡಬಹುದು ಎಂದರು. ಮರಾಠಿ ಬೆರೆತ ಕನ್ನಡದಲ್ಲಿ ಮತ್ತೆ ಮತ್ತೆ ಹೇಳಿದರು: ಇಡಿಯಾಗಿ ನುಂಗಬೇಕು, ಮುರಿಯಬಾರದು, ಪುಡಿ ಮಾಡಬಾರದು, ಮನೆಯಲ್ಲಿ ಬೇರೆ ಯಾರೂ ಮುಟ್ಟಬಾರದು. ಒಂದು ದಿನ ತಪ್ಪಿದರೆ ಮರುದಿನ ಜೋಡಿ ನುಂಗಬಾರದು. ಹೇಳಿದ ದಿನ ರಕ್ತ ತೋರಿಸಲು ಬರಲೇಬೇಕು, ಜ್ವರ ಬಂದರೆ ಅದಕ್ಕೂ ಕಾಯಬಾರದು. ಗಂಡಹೆಂಡತಿ ಇಬ್ಬರೂ ಎಲ್ಲದಕ್ಕೂ ಹೂಂ ಎಂದರು.

ಹೂಂ ಎನ್ನುವುದು ಸುಲಭ. ಮನೆಗೆ ಬಂದು ಗುಳಿಗೆ ಬಾಯಿಗೆ ಹಾಕಿದರೆ ಅದೇ ಓಕರಿಕೆ. ಮೊದಲ ಗುಳಿಗೆ ಅಂಗಳಕ್ಕೆ ಹೋಯಿತು, ಎರಡನೆಯದು ಶೇವಂತಿಯ ಸೆರಗಿಗೆ. ಗಂಡನ ಜೀವ ಆ ಗುಳಿಗೆಯಲ್ಲಿದೆ, ಅದು ಅವನ ಹೊಟ್ಟೆ ಸೇರುತ್ತಿಲ್ಲ. ಹೊಟ್ಟೆ ಸೇರುವುದು ಮುಖ್ಯವೋ, ಇಡಿಯಾಗಿ ಸೇರುವುದು ಮುಖ್ಯವೋ? ಡಾಕ್ಟರಿಗೇನು ಗೊತ್ತು ಈ ಮನುಷ್ಯನ ಗಂಟಲು ಎಂದುಕೊಂಡು ಶೇವಂತಿ ಸಾಣೆಕಲ್ಲು ತೆಗೆದಳು. ಕಾಶಪ್ಪ ಬೆಲ್ಲದ ನೀರನ್ನು ಚಪ್ಪರಿಸಿ ಕುಡಿದ.

ತಿಂಗಳುಗಳು ಹೀಗೇ ನಡೆದವು. ಅವನ ಹೊಟ್ಟೆ ತುಸು ಇಳಿಯಿತು, ಮಗ್ಗಕ್ಕೂ ಇಳಿಯತೊಡಗಿದ. ಸುಸ್ತಾಗತೊಡಗಿದ್ದು ಶೇವಂತಿಗೆ. ಹಿಟ್ಟು ನಾದುವಾಗ ಏದುಸಿರು. ರಾಟಿ ತಿರುಗಿಸುತ್ತಿದ್ದ ಕೈ ತಾನಾಗಿ ನಿಲ್ಲುತ್ತಿತ್ತು. ತೋಳಿನ ಮೇಲೆ ಎಲ್ಲೂ ಬಡಿದುಕೊಂಡ ನೆನಪಿಲ್ಲದೆ ನೀಲಿ ಕಲೆ, ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ವಯಸ್ಸಾಯಿತು ಎಂದುಕೊಂಡಳು. ಲಾಳಿ ಖಾಲಿಯಾಗಿ ಕಂಡಿಕೆಗೆ ಕಾಯುತ್ತ ಕೂತ ಕಾಶಪ್ಪ, ರೋಗ ನನಗೋ ನಿನಗೋ, ಮೈಗಳ್ಳಿಯಾಗಿಬಿಟ್ಟೆಯಲ್ಲ ಎಂದು ನಗುತ್ತಿದ್ದ. ಅವಳಿಗೂ ಒಳಗೊಳಗೆ ಅದೇ ಅನುಮಾನ. ರೋಗಿಷ್ಟ ಗಂಡನೇ ದುಡಿಯುವಾಗ ನಾನು ಕುಕ್ಕರಿಸುತ್ತೇನಲ್ಲ ಎಂದು ನಾಚಿ ಮತ್ತೆ ಏಳುತ್ತಿದ್ದಳು.

ಮಿರಜಿನಲ್ಲಿ ಡಾಕ್ಟರನ್ನು ಒಂದು ಒಗಟು ಕಾಡುತ್ತಿತ್ತು. ಇಷ್ಟು ಔಷಧಕ್ಕೆ ಕಾಶಪ್ಪನ ರಕ್ತ ಇನ್ನೂ ಹತೋಟಿಗೆ ಬರಬೇಕಿತ್ತು, ಬಂದಿರಲಿಲ್ಲ. ಗುಳಿಗೆ ಹೆಚ್ಚಿಸಲೆಂದು ಪೆನ್ನು ಎತ್ತಿದವರು ಏನೋ ಹೊಳೆದು ನಿಂತರು. ಇವರು ಗುಳಿಗೆ ಹೇಗೆ ತಗೊಳ್ಳುತ್ತಾರೆ ಎಂದು ಶೇವಂತಿಯನ್ನು ಕೇಳಿದರು.

"ನಾನ ತೇದು ಕುಡಸ್ತೇನ್ರಿ" ಎಂದಳು ಆಕೆ. "ಇಡೀದು ಅವರಿಗೆ ಇಳಿಯೂದಿಲ್ರಿ."

"ಕಲ್ಲಿಗೆ ಹತ್ತಿದ್ದು?"

"ಒಂದೀಟೂ ಚೆಲ್ಲೂದಿಲ್ರಿ ಸಾಹೇಬ್ರ. ತೊಳದು ನಾನ ಕುಡೀತೇನಿ."

ಹೊಗಳುತ್ತಾರೆಂದು ಕಾದಳು. ಡಾಕ್ಟರು ಹೊಗಳಲಿಲ್ಲ, ಬೈಯಲೂ ಇಲ್ಲ. ಅವಳ ತೋಳನ್ನು ಎಳೆದುಕೊಂಡು ನೀಲಿ ಕಲೆಗಳನ್ನು ನೋಡಿ, ಕಣ್ಣಿನ ಕೆಳರೆಪ್ಪೆ ಇಳಿಸಿ ನೋಡಿ, ಅವಳ ರಕ್ತವನ್ನೇ ತೆಗೆಸಿದರು. ಸಂಜೆ ಇಬ್ಬರನ್ನೂ ಕೂರಿಸಿ ತಿಳಿಸಿ ಹೇಳಿದರು. ಹುಚ್ಚೆದ್ದು ಬೆಳೆಯುವ ರಕ್ತವನ್ನು ತಡೆಯುವ ಔಷಧವದು, ಸರಿಯಿದ್ದವರ ರಕ್ತವನ್ನೂ ತಡೆಯುತ್ತದೆ. ಗಂಡನ ಪಾಲಿನ ಔಷಧ ಒಂದಷ್ಟು ದಿನದಿನವೂ ಹೆಂಡತಿಯ ಹೊಟ್ಟೆ ಸೇರಿದೆ, ಅವನಿಗೆ ಕಡಿಮೆಯಾಗಿದೆ, ಇವಳ ರಕ್ತ ಬತ್ತಿದೆ. ಇವಳಿಗೆ ಕ್ಯಾನ್ಸರಿಲ್ಲ. ಔಷಧ ಒಳಗೆ ಹೋಗುವುದು ನಿಂತರೆ ಬಹುಶಃ ತಾನಾಗಿ ಸುಧಾರಿಸುತ್ತದೆ, ಆದರೆ ಕೆಲವು ವಾರ ಇವಳೂ ರಕ್ತ ತೋರಿಸಬೇಕು, ವಿಶ್ರಾಂತಿ ಬೇಕು. ಇನ್ನು ಮುಂದೆ ಆ ಡಬ್ಬಿಯನ್ನು ಇವಳು ಮುಟ್ಟಲೇಬಾರದು.

ಶೇವಂತಿ ತಲೆ ತಗ್ಗಿಸಿ, ಹಾಗಾದರೆ ಇದು ನನ್ನ ಮೈಗಳ್ಳತನವಲ್ಲ ತಾನೇ ಎಂದು ಕೇಳಿದಳು.

"ಅಲ್ರಿ ಅವ್ವಾ" ಎಂದರು ಡಾಕ್ಟರು. "ನಿಮ್ಮ ದಣಿವು ಖರೇದು ಐತಿ."

ಆಗ ಅವಳಿಗೆ ಅಳು ಬಂತು. ಹೆದರಿಕೆಗಲ್ಲ. ಮದುವೆಯಾದಂದಿನಿಂದ ಅವಳ ದಣಿವನ್ನು ಯಾರೂ ಖರೆ ಎಂದಿರಲಿಲ್ಲ, ಅವಳೂ ಎಂದುಕೊಂಡಿರಲಿಲ್ಲ. ಕಾಶಪ್ಪ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ನೆಲ ನೋಡುತ್ತ ಕೂತ.

ಮರುದಿನ ಮಧ್ಯಾಹ್ನ ಊಟವಾದ ಮೇಲೆ ಅವನೇ ಗೋಡೆಯ ಮಾಡದಿಂದ ಡಬ್ಬಿ ಇಳಿಸಿಕೊಂಡ. ಶೇವಂತಿ ದೂರದಲ್ಲಿ ಕಂಬಕ್ಕೆ ಒರಗಿ ಕೂತಿದ್ದಳು. ಇವನು ಕಕ್ಕಿದರೆ ಏನು ಗತಿ? ಔಷಧ ಒಳಗೆ ಉಳಿಯದಿದ್ದರೆ ಇವನು ಉಳಿಯುವುದಿಲ್ಲ, ತೇದು ಕೊಟ್ಟರೆ ತಾನು ಉಳಿಯುವುದಿಲ್ಲ. ಕಾಶಪ್ಪ ಕಣ್ಣು ಮುಚ್ಚಿ ಗುಳಿಗೆಯನ್ನು ನಾಲಿಗೆಯ ಹಿಂದಕ್ಕೆ ಇಟ್ಟುಕೊಂಡ, ತಂಬಿಗೆ ಎತ್ತಿದ, ಗುಟುಕರಿಸಿದ. ಗಂಟಲ ಗಂಟು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು.

"ಹೋತು ನೋಡು" ಎಂದ, ತಾನೇ ನಂಬದವನಂತೆ. ಬಾಯಿ ಅಗಲಿಸಿ ತೋರಿಸಿದ. "ಏನ ತ್ರಾಸ ಆಗಲಿಲ್ಲ."

ಶೇವಂತಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅಷ್ಟೇ ಇತ್ತೇ ಅದು, ಒಂದು ಗುಟುಕು ನೀರು? ಒಡಲಿನಿಂದ ಸಿಟ್ಟು ಎದ್ದು ಬಂತು. ಇವನಿಗೆ ತೇದು ಕೊಟ್ಟ ವರ್ಷಗಳಿಗೆಲ್ಲ ಸೇರಿಸಿ ಬೈಯಬೇಕೆಂದು ಬಾಯಿ ತೆರೆದಳು, ಬೈಯುವಷ್ಟು ತ್ರಾಣವಿರಲಿಲ್ಲ. ಚಾಪೆ ಬಿಡಿಸಿ, ನಡುಹಗಲಲ್ಲೇ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು.